ಬೆಂಗಳೂರೋ ಚೆನ್ನೈಯೋ? ಪಟ್ಟಿ ಬದಲಾದ ಮೇಲೆ ಎರಡು ತಂಡಗಳ ಬಲಾಬಲ

ಗುಂಡ್ಲುಪೇಟೆಯಿಂದ ಬಂಡೀಪುರ ಮಾರ್ಗವಾಗಿ ಊಟಿಗೆ ಹೋಗುವವರಿಗೆ ಹಂಗಳ ಪರಿಚಿತ ಊರು. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ತಿರುವು ಇರುವುದು ಇಲ್ಲಿಯೇ. ಮುಂದಕ್ಕೆ ಕಾಡು, ಕಾಡು ದಾಟಿದರೆ ತಮಿಳುನಾಡು. ಗುಂಡ್ಲುಪೇಟೆಯ ಇನ್ನೊಂದು ದಾರಿ ಹಿಡಿದರೆ ಕೇರಳದ ವಯನಾಡು. ಮೂರು ರಾಜ್ಯಗಳ ಲಾರಿಗಳು, ಪ್ರವಾಸಿಗಳು, ಹೂವಿನ ವ್ಯಾಪಾರಿಗಳು ಓಡಾಡುವ ಇಂಥ ಗಡಿಸೀಮೆಯಲ್ಲಿ ಕ್ರಿಕೆಟ್ ಅಭಿಮಾನಕ್ಕೆ ಮಾತ್ರ ಗಡಿಗಲ್ಲು ನೆಡುವುದು ಕಷ್ಟ. ಆ ಸೀಮೆಯ ಚೆಂಡುಹೂವಿನ ಹೊಲಗಳ ಹಳದಿ ಚೆನ್ನೈ ತಂಡದ ಬಣ್ಣವಾದರೂ ಊರಿನ ಮಾತು ಕನ್ನಡ. ಒಂದೇ ಮನೆಯಲ್ಲಿ ಅಣ್ಣ ಬೆಂಗಳೂರಿನ ಕಡೆ, ತಮ್ಮ ಧೋನಿಯ ಕಡೆ ಇದ್ದರೆ ಆಶ್ಚರ್ಯವಿಲ್ಲ. ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲೂ ಯುವಜನರ ವಾದ ಇದೇ ಬಗೆಯದು.

ರಾಯಲ್ ಚಾಲೆಂಜರ್ಸ್ ಬೆಂಗಳೂರು ಮತ್ತು ಚೆನ್ನೈ ಸೂಪರ್ ಕಿಂಗ್ಸ್ ತಂಡಗಳ ಪೈಪೋಟಿಯನ್ನು ಜಗಳವಾಗಿ ನೋಡದೆ ಲೆಕ್ಕವಾಗಿ ನೋಡಿದರೆ ಕಲಿಯಲು ಬಹಳವಿದೆ. ಎರಡೂ ತಂಡಗಳು 2024ರ ನವೆಂಬರ್ ಮತ್ತು 2025ರ ಡಿಸೆಂಬರ್ ನಡುವೆ ತಮ್ಮ ಆಟಗಾರರ ಪಟ್ಟಿಯನ್ನು ಬುಡಮೇಲಾಗುವಷ್ಟು ಬದಲಾಯಿಸಿದವು. ಆ ಬದಲಾವಣೆಯಿಂದ ಯಾವ ತಂಡದ ಪ್ರಶಸ್ತಿಯ ಅವಕಾಶ ಹೆಚ್ಚಿತು, ಯಾವುದರದು ಕುಗ್ಗಿತು, ಏಕೆ ಎಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ. ಒಂದು ಗೆಲುವಿಗೆ ನಾವು ಎಷ್ಟು ಬೆಲೆ ತೆರಬಹುದು ಎಂಬ ಇನ್ನೂ ಗಂಭೀರವಾದ ಪ್ರಶ್ನೆಯನ್ನೂ ಇದರ ಜೊತೆಗೇ ಎತ್ತಬೇಕಾಗಿದೆ.

ಹಳೆಯ ಲೆಕ್ಕ

ಐಪಿಎಲ್ ಆರಂಭವಾದದ್ದು 2008ರಲ್ಲಿ. ಚೆನ್ನೈ 2010, 2011, 2018, 2021 ಮತ್ತು 2023ರಲ್ಲಿ, ಅಂದರೆ ಐದು ಬಾರಿ ಪ್ರಶಸ್ತಿ ಗೆದ್ದಿತು. 2016 ಮತ್ತು 2017ರಲ್ಲಿ ಅಮಾನತಿನಲ್ಲಿದ್ದ ತಂಡ ಮರಳಿ ಬಂದ ವರ್ಷವೇ ಕಪ್ ಎತ್ತಿತು. ಬೆಂಗಳೂರು 2009, 2011 ಮತ್ತು 2016ರಲ್ಲಿ ಫೈನಲ್ ತಲುಪಿ ಮೂರರಲ್ಲೂ ಸೋತಿತು. 2011ರ ಸೋಲು ಚೆನ್ನೈಯ ಎದುರೇ, ಅದೂ ಚೆನ್ನೈಯಲ್ಲೇ. 'ಈ ಸಲ ಕಪ್ ನಮ್ದೇ' ಎಂಬ ಘೋಷಣೆ ನಾಡಿನಾದ್ಯಂತ ಹಾಸ್ಯದ ಮಾತಾದದ್ದು ಈ ಹಿನ್ನೆಲೆಯಲ್ಲಿ.

2016ರಲ್ಲಿ ವಿರಾಟ್ ಕೊಹ್ಲಿ ಒಬ್ಬರೇ 973 ರನ್ ಹೊಡೆದರು, ನಾಲ್ಕು ಶತಕಗಳೊಂದಿಗೆ. ಆದರೂ ಫೈನಲ್‌ನಲ್ಲಿ ತಂಡ ಹೈದರಾಬಾದ್ ಎದುರು ತನ್ನದೇ ಅಂಗಣದಲ್ಲಿ 8 ರನ್‌ಗಳಿಂದ ಸೋತಿತು. ಒಬ್ಬ ಮನುಷ್ಯ ಅದಕ್ಕಿಂತ ಹೆಚ್ಚು ಏನು ಮಾಡಲು ಸಾಧ್ಯ? ಅಷ್ಟು ಮಾಡಿದರೂ ಸಾಲದೆ ಹೋಯಿತು.

ಇದಕ್ಕೆ ಕಾರಣ ಆಟದ ನಿಯಮದಲ್ಲೇ ಇದೆ. ನಮ್ಮ ಕಾನ್ವೆಂಟ್ ಶಾಲೆಗಳ ಅಂಗಳದಲ್ಲಿ ಆಡುವ ಬಾಸ್ಕೆಟ್‌ಬಾಲ್‌ನಲ್ಲಿ ಒಂದು ಕಡೆ ಐವರೇ ಆಟಗಾರರು. ಅದರಲ್ಲಿ ಒಬ್ಬ ಅಸಾಮಾನ್ಯನಿದ್ದರೆ ಪ್ರತಿ ದಾಳಿಯಲ್ಲೂ ಚೆಂಡು ಅವನ ಕೈಗೆ ಬರುತ್ತದೆ, ಇಡೀ ಪಂದ್ಯವನ್ನು ಅವನು ತಿರುಗಿಸಬಲ್ಲ. ಇಪ್ಪತ್ತು ಓವರುಗಳ ಕ್ರಿಕೆಟ್‌ನಲ್ಲಿ ಒಬ್ಬ ಬೌಲರ್‌ಗೆ ಸಿಗುವುದು ನಾಲ್ಕೇ ಓವರು. ಆದ್ದರಿಂದ ಐವರು ಬೌಲರ್‌ಗಳು ಬೇಕೇ ಬೇಕು. ಮೂವರು ಶ್ರೇಷ್ಠ ಬ್ಯಾಟ್ಸ್‌ಮನ್‌ಗಳಿಗೆ ಹಣವೆಲ್ಲ ಸುರಿದು ಬೌಲಿಂಗಿಗೆ ಉಳಿದದ್ದರಲ್ಲಿ ಸಂಸಾರ ತೂಗಿಸಿದ ತಂಡ ವರ್ಷಗಟ್ಟಲೆ ಸೋತದ್ದು ದುರದೃಷ್ಟದಿಂದಲ್ಲ, ಹಂಚಿಕೆಯ ತಪ್ಪಿನಿಂದ.

ಜೆಡ್ಡಾದಲ್ಲಿ ಬದಲಾದ ದಾರಿ

2024ರ ಮೇ 18ರಂದು ಬೆಂಗಳೂರಿನಲ್ಲಿ ಎರಡೂ ತಂಡಗಳು ಪ್ಲೇ ಆಫ್ ಸ್ಥಾನಕ್ಕಾಗಿ ಸೆಣಸಿದವು. ಬೆಂಗಳೂರು 27 ರನ್‌ಗಳಿಂದ ಗೆದ್ದು ಮುಂದೆ ಹೋಯಿತು, ಚೆನ್ನೈ ರನ್ ಸರಾಸರಿಯಲ್ಲಿ ಹಿಂದೆ ಬಿದ್ದು ಹೊರನಡೆಯಿತು. ಅದಾಗಿ ಆರು ತಿಂಗಳಿಗೆ, ನವೆಂಬರ್ 24 ಮತ್ತು 25ರಂದು ಸೌದಿ ಅರೇಬಿಯಾದ ಜೆಡ್ಡಾದಲ್ಲಿ ಮಹಾ ಹರಾಜು ನಡೆಯಿತು. ಪ್ರತಿ ತಂಡದ ಬಳಿ ಒಟ್ಟು 120 ಕೋಟಿ ರೂಪಾಯಿ. ಪಟ್ಟಿಯಲ್ಲಿ ಗರಿಷ್ಠ 25 ಜನ, ಅವರಲ್ಲಿ ವಿದೇಶಿಯರು ಎಂಟು.

ಬೆಂಗಳೂರು ಉಳಿಸಿಕೊಂಡದ್ದು ಮೂವರನ್ನು ಮಾತ್ರ: ಕೊಹ್ಲಿ 21 ಕೋಟಿಗೆ, ರಜತ್ ಪಾಟಿದಾರ್ 11 ಕೋಟಿಗೆ, ಯಶ್ ದಯಾಳ್ 5 ಕೋಟಿಗೆ. ನಾಯಕ ಡುಪ್ಲೆಸಿ, ಮ್ಯಾಕ್ಸ್‌ವೆಲ್, ಸಿರಾಜ್ ಅವರನ್ನೆಲ್ಲ ಬಿಟ್ಟುಕೊಟ್ಟಿತು. ಅಭಿಮಾನಿಗಳು ಸಿಟ್ಟಾದರು, ವಿಶೇಷವಾಗಿ ಸಿರಾಜ್ ಅವರನ್ನು ಬಿಟ್ಟದ್ದಕ್ಕೆ. ಆದರೆ ತಂಡ ಉಳಿದ ಹಣವನ್ನು ಹಂಚಿದ ರೀತಿ ನೋಡಿ: ಹೇಜಲ್‌ವುಡ್ 12.50 ಕೋಟಿ, ಫಿಲ್ ಸಾಲ್ಟ್ 11.50, ಜಿತೇಶ್ ಶರ್ಮಾ 11, ಭುವನೇಶ್ವರ್ ಕುಮಾರ್ 10.75, ಕೃಣಾಲ್ ಪಾಂಡ್ಯ 5.75, ಟಿಮ್ ಡೇವಿಡ್ 3, ಸುಯಶ್ ಶರ್ಮಾ 2.60, ನಮ್ಮ ದೇವದತ್ತ ಪಡಿಕ್ಕಲ್ 2, ರೊಮಾರಿಯೊ ಶೆಫರ್ಡ್ 1.50. ಹೆಸರಿಗಿಂತ ಕೆಲಸಕ್ಕೆ ಹಣ ಕೊಟ್ಟರು. ಹೊಸ ಚೆಂಡಿಗೆ ಒಬ್ಬ, ಕೊನೆಯ ಓವರುಗಳಿಗೆ ಒಬ್ಬ, ಮಧ್ಯದ ಓವರುಗಳನ್ನು ಬಿಗಿಯಲು ಇಬ್ಬರು, ಕಡೆಗೆ ಬಂದು ಬೀಸಲು ಇಬ್ಬರು.

ಚೆನ್ನೈ ಹಳೆಯ ಮನೆಯನ್ನೇ ರಿಪೇರಿ ಮಾಡಿಸಿತು. ಋತುರಾಜ್ ಗಾಯಕವಾಡ್, ಜಡೇಜಾ ತಲಾ 18 ಕೋಟಿ, ಪತಿರಾಣ 13, ಶಿವಂ ದುಬೆ 12, ಧೋನಿ 4 ಕೋಟಿ ಹೀಗೆ ಐವರನ್ನು ಉಳಿಸಿಕೊಂಡಿತು. ಅಶ್ವಿನ್ ಅವರನ್ನು 9.75 ಕೋಟಿ ಕೊಟ್ಟು ತವರಿಗೆ ಕರೆತಂದಿತು. ಭಾವನೆಗೆ ತುಂಬಿದ ಬೆಲೆ ಅದು. ಚೆಪಾಕ್‌ನ ನಿಧಾನದ ಪಿಚ್ಚಿನಲ್ಲಿ ಸ್ಪಿನ್ ಬಲದಿಂದ ಗೆಲ್ಲುವ ಹಳೆಯ ಸೂತ್ರ ಮತ್ತೆ ನಡೆಯುತ್ತದೆ ಎಂದು ಎಣಿಸಿದರು.

2025ರ ಫಲಿತಾಂಶ

ಎಣಿಕೆ ತಪ್ಪಿತು. 2025ರ ಮಾರ್ಚ್ 28ರಂದು ಬೆಂಗಳೂರು ಚೆಪಾಕ್‌ನಲ್ಲಿ ಚೆನ್ನೈಯನ್ನು 50 ರನ್‌ಗಳಿಂದ ಸೋಲಿಸಿತು. 2008ರ ನಂತರ ಆ ಅಂಗಣದಲ್ಲಿ ಚೆನ್ನೈ ವಿರುದ್ಧ ಸಿಕ್ಕ ಮೊದಲ ಗೆಲುವು ಅದು. ಮೇ 3ರಂದು ಬೆಂಗಳೂರಿನಲ್ಲಿ ಮತ್ತೆ ಎದುರಾದಾಗ ಶೆಫರ್ಡ್ 14 ಎಸೆತಗಳಲ್ಲಿ 53 ರನ್ ಚಚ್ಚಿದರು. ಚೆನ್ನೈಯ ಪರವಾಗಿ 17 ವರ್ಷದ ಆಯುಷ್ ಮ್ಹಾತ್ರೆ 94 ರನ್ ಹೊಡೆದರೂ ತಂಡ 2 ರನ್‌ಗಳಿಂದ ಸೋತಿತು.

ಚೆನ್ನೈ ಚೆಪಾಕ್‌ನಲ್ಲಿ ಆಡಿದ 6 ಪಂದ್ಯಗಳಲ್ಲಿ ಗೆದ್ದದ್ದು ಒಂದನ್ನೇ. ಗಾಯಕವಾಡ್ ಮೊಣಕೈ ಗಾಯದಿಂದ ಹೊರಬಿದ್ದಾಗ 43ರ ವಯಸ್ಸಿನ ಧೋನಿಯೇ ಮತ್ತೆ ನಾಯಕತ್ವ ಹೊರಬೇಕಾಯಿತು. ಹೊರೆ ಹೊರುವ ಎರಡನೇ ಹೆಗಲನ್ನು ತಂಡ ಸಿದ್ಧಮಾಡಿ ಇಟ್ಟುಕೊಂಡಿರಲಿಲ್ಲ. ಒಟ್ಟು 14ರಲ್ಲಿ 4 ಗೆಲುವು, ಹತ್ತು ತಂಡಗಳಲ್ಲಿ ಹತ್ತನೆಯ ಸ್ಥಾನ. ತಂಡದ ಇತಿಹಾಸದಲ್ಲೇ ಇದು ಮೊದಲು.

ಬೆಂಗಳೂರಿನ ಲೆಕ್ಕ ಬೇರೆಯೇ. ತವರಿನ ಮೊದಲ ಮೂರು ಪಂದ್ಯಗಳನ್ನು ಸೋತ ತಂಡ ಹೊರಗಿನ ಏಳು ಲೀಗ್ ಪಂದ್ಯಗಳನ್ನೂ ಗೆದ್ದಿತು. ಯಾವ ಪಿಚ್ಚಿಗೂ ಹೊಂದುವ ಬೌಲಿಂಗ್ ಇದ್ದುದರಿಂದ ಇದು ಸಾಧ್ಯವಾಯಿತು. ಕೊಹ್ಲಿ ಆ ವರ್ಷ ಹೊಡೆದದ್ದು 657 ರನ್, 2016ಕ್ಕಿಂತ ಮುನ್ನೂರಕ್ಕೂ ಹೆಚ್ಚು ಕಡಿಮೆ. ಆದರೆ ಪಂದ್ಯಶ್ರೇಷ್ಠ ಪ್ರಶಸ್ತಿ ಪಡೆದ ಬೆಂಗಳೂರಿನ ಆಟಗಾರರು ಒಂಬತ್ತು ಮಂದಿ. ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬ್ ಕಿಂಗ್ಸ್ ತಂಡವನ್ನು 6 ರನ್‌ಗಳಿಂದ ಸೋಲಿಸಿ ಕಪ್ ಎತ್ತಿದಾಗ ಪಂದ್ಯಶ್ರೇಷ್ಠರಾದವರು ನಾಲ್ಕು ಓವರಿನಲ್ಲಿ 17 ರನ್‌ಗೆ 2 ವಿಕೆಟ್ ಪಡೆದ ಕೃಣಾಲ್ ಪಾಂಡ್ಯ. ಕೊಹ್ಲಿಯ ಕಾಲು ಭಾಗದಷ್ಟು ಬೆಲೆಯ ಆಟಗಾರ ಕಪ್ಪನ್ನು ಕೈಗಿತ್ತರು.

ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ದೇಹ ಒಂದೇ, ಅಂಗಗಳು ಹಲವು ಎಂಬ ವಿಚಾರವನ್ನು ಬೋಧಿಸುತ್ತಾರೆ. ದುರ್ಬಲವೆಂದು ಕಾಣುವ ಅಂಗವೇ ಹೆಚ್ಚು ಅಗತ್ಯವಾದದ್ದು ಎಂಬುದು ಆ ಅಧ್ಯಾಯದ ತಿರುಳು. ಅದನ್ನು ಅಂಕಪಟ್ಟಿಯಲ್ಲಿ ನೋಡಬೇಕೆಂದಿದ್ದರೆ 2025ರ ಬೆಂಗಳೂರು ತಂಡಕ್ಕಿಂತ ಬೇರೆ ಉದಾಹರಣೆ ಬೇಡ.

ಹರಾಜು ಮುಗಿದ ದಿನದ ತೂಕ

ಸೋತವನಿಗೆ ಬದಲಾಗುವ ಧೈರ್ಯ ಬರುತ್ತದೆ. 2025ರ ನವೆಂಬರ್‌ನಲ್ಲಿ ಚೆನ್ನೈ ಯಾರೂ ಊಹಿಸದ ಕೆಲಸ ಮಾಡಿತು. 2012ರಿಂದ ತಂಡದ ಬೆನ್ನೆಲುಬಾಗಿದ್ದ, 2023ರ ಫೈನಲ್‌ನ ಕೊನೆಯ ಎರಡು ಎಸೆತಗಳಲ್ಲಿ ಸಿಕ್ಸರ್ ಮತ್ತು ಬೌಂಡರಿ ಹೊಡೆದು ಕಪ್ ತಂದ ಜಡೇಜಾ ಅವರನ್ನೂ ಸ್ಯಾಮ್ ಕರನ್ ಅವರನ್ನೂ ರಾಜಸ್ಥಾನಕ್ಕೆ ಕೊಟ್ಟು ಸಂಜು ಸ್ಯಾಮ್ಸನ್ ಅವರನ್ನು ಪಡೆಯಿತು. ತಿರುವನಂತಪುರದ ಕರಾವಳಿಯ ಹುಡುಗ ಧೋನಿಯ ಉತ್ತರಾಧಿಕಾರಿಯಾಗಿ ಗ್ಲೌಸ್ ತೊಡಬಲ್ಲವರು ಎಂಬುದು ಅದರ ಹಿಂದಿನ ಎಣಿಕೆ. ಅಶ್ವಿನ್ ಆಗಲೇ ಐಪಿಎಲ್‌ನಿಂದ ನಿವೃತ್ತರಾಗಿದ್ದರು. ಪತಿರಾಣ, ಕಾನ್ವೇ, ರಚಿನ್ ರವೀಂದ್ರ ಅವರನ್ನೂ ಬಿಟ್ಟರು.

ಡಿಸೆಂಬರ್ 16ರಂದು ಅಬುಧಾಬಿಯಲ್ಲಿ ನಡೆದ ಹರಾಜಿನಲ್ಲಿ ಚೆನ್ನೈ, ಭಾರತ ತಂಡಕ್ಕೆ ಆಡದ ಇಬ್ಬರು ಹುಡುಗರಾದ ಪ್ರಶಾಂತ್ ವೀರ್ ಮತ್ತು ಕಾರ್ತಿಕ್ ಶರ್ಮಾ ಅವರಿಗೆ ತಲಾ 14.20 ಕೋಟಿ ಕೊಟ್ಟಿತು. ಅಂಥ ಆಟಗಾರರಿಗೆ ಅದುವರೆಗೆ ಸಿಕ್ಕ ಅತಿ ಹೆಚ್ಚಿನ ಬೆಲೆ ಅದು. ಬೆಂಗಳೂರು ಲಿವಿಂಗ್‌ಸ್ಟನ್ ಅವರಂಥ ಕೆಲವರನ್ನು ಮಾತ್ರ ಬಿಟ್ಟು, ವೆಂಕಟೇಶ್ ಅಯ್ಯರ್ ಅವರನ್ನು 7 ಕೋಟಿಗೆ, ಎಡಗೈ ವೇಗಿ ಮಂಗೇಶ್ ಯಾದವ್ ಅವರನ್ನು 5.20 ಕೋಟಿಗೆ, ನ್ಯೂಜಿಲೆಂಡಿನ ಜೇಕಬ್ ಡಫಿಯವರನ್ನು 2 ಕೋಟಿಗೆ ಕೊಂಡಿತು.

ಈ ಎರಡು ಪಟ್ಟಿಗಳನ್ನು ಎದುರುಬದುರು ಇಟ್ಟರೆ ನಮ್ಮ ತೂಕ ಹೀಗೆ.

ಬ್ಯಾಟಿಂಗ್‌ನಲ್ಲಿ ಅಂತರ ಕಿರಿದಾಯಿತು. ಗಾಯಕವಾಡ್, ಸ್ಯಾಮ್ಸನ್, ಮ್ಹಾತ್ರೆ, ಬ್ರೆವಿಸ್, ದುಬೆ ಇರುವ ಸಾಲು 2025ರ ಆರಂಭದ ಚೆನ್ನೈ ಸಾಲಿಗಿಂತ ಬಹಳ ಚುರುಕು. ಮೊದಲ ಆರು ಓವರುಗಳಲ್ಲಿ ತಡವರಿಸುತ್ತಿದ್ದ ದೋಷಕ್ಕೆ ಮದ್ದು ಸಿಕ್ಕಿತು.

ಬೌಲಿಂಗ್‌ನಲ್ಲಿ ಬೆಂಗಳೂರಿನದೇ ಮೇಲುಗೈ. ಹೇಜಲ್‌ವುಡ್, ಭುವನೇಶ್ವರ್, ಕೃಣಾಲ್, ಸುಯಶ್ ಇವರ ಜೋಡಣೆ ಹಾಗೆಯೇ ಉಳಿಯಿತು. ಜಡೇಜಾ ಹೋದದ್ದರಿಂದ ಚೆನ್ನೈಗೆ ನಾಲ್ಕು ಓವರು, ಕೆಳಸಾಲಿನ ರನ್, ಮೈದಾನದ ಕ್ಷೇತ್ರರಕ್ಷಣೆ ಮೂರೂ ಒಟ್ಟಿಗೆ ಹೋದವು. ಆ ಮೂರನ್ನೂ ಇಪ್ಪತ್ತರ ವಯಸ್ಸಿನ ಹುಡುಗನೊಬ್ಬನಿಂದ ಮೊದಲ ವರ್ಷವೇ ಕೇಳುವುದು ನ್ಯಾಯವಲ್ಲ.

ವಯಸ್ಸಿನಲ್ಲಿ ಚೆನ್ನೈಯದೇ ಭವಿಷ್ಯ. ಬೆಂಗಳೂರಿನ ಬಲವೆಲ್ಲ ನಿಂತಿರುವುದು ಮೂವತ್ತೈದರ ಆಸುಪಾಸಿನ ದೇಹಗಳ ಮೇಲೆ. ಹೇಜಲ್‌ವುಡ್ 2025ರ ಕೊನೆಯಲ್ಲಿ ಗಾಯಾಳುವಾಗಿ ಆಸ್ಟ್ರೇಲಿಯದ ಆ್ಯಶಸ್ ಸರಣಿಯಲ್ಲೇ ಆಡಲಾಗಲಿಲ್ಲ. ಡಫಿಯನ್ನು ಕೊಂಡದ್ದು ಆ ಅಪಾಯಕ್ಕೆ ವಿಮೆಯಂತೆ.

ಆದ್ದರಿಂದ ಹರಾಜು ಮುಗಿದ ದಿನ 2026ರ ಋತುವಿಗೆ ಹೆಚ್ಚು ಸಿದ್ಧವಾಗಿದ್ದ ತಂಡ ಬೆಂಗಳೂರು. ಗೆದ್ದ ಜೋಡಣೆಯನ್ನು ಕೆಡಿಸದೆ ಬಿರುಕುಗಳನ್ನು ಮಾತ್ರ ಮುಚ್ಚಿದ್ದು ಅದರ ಜಾಣತನ. ಮೂರು ನಾಲ್ಕು ವರ್ಷಗಳ ಲೆಕ್ಕ ಹಾಕಿದರೆ ತಡವಾಗಿಯಾದರೂ ಎಳೆಯರ ಮೇಲೆ ಭರವಸೆ ಇಟ್ಟ ಚೆನ್ನೈಯ ಕೆಲಸ ಹೆಚ್ಚು ದೂರದೃಷ್ಟಿಯದು. ಎಲ್ಲಕ್ಕೂ ಮೇಲೆ ಕ್ರಿಕೆಟ್ ಕ್ರಿಕೆಟ್ಟೇ. ಒಂದು ಗಾಯ, ಒಂದು ಮಳೆ, ಒಂದು ಕೈತಪ್ಪಿದ ಕ್ಯಾಚ್ ಇಡೀ ಲೆಕ್ಕವನ್ನು ತಲೆಕೆಳಗು ಮಾಡಬಲ್ಲದು.

ರಾಜ್ಯದ ಅಭಿಮಾನದ ಬಗ್ಗೆಯೂ ಒಂದು ಮಾತು. ಬೆಂಗಳೂರು ಕಪ್ ಗೆದ್ದಾಗ ಬ್ಯಾಟಿಂಗ್ ಗುರುವಾಗಿದ್ದವರು ತಮಿಳುನಾಡಿನ ದಿನೇಶ್ ಕಾರ್ತಿಕ್. ಅದೇ ವರ್ಷ ಚೆನ್ನೈಯ ಪಟ್ಟಿಯಲ್ಲಿದ್ದವರು ಕರ್ನಾಟಕದ ಶ್ರೇಯಸ್ ಗೋಪಾಲ್, 2025ರ ಮಹಾರಾಜ ಟ್ರೋಫಿ ಗೆದ್ದ ನಮ್ಮ ಮಂಗಳೂರು ಡ್ರ್ಯಾಗನ್ಸ್ ತಂಡದ ನಾಯಕ. ಹೀಗಿರುವಾಗ ಕಾವೇರಿ ನೀರಿನ ಜಗಳವನ್ನು ಕ್ರಿಕೆಟ್ ಅಂಗಣಕ್ಕೆ ಎಳೆದು ಪರಸ್ಪರ ಭಾಷೆಯನ್ನು ಹೀಯಾಳಿಸುವ ಸಂದೇಶಗಳನ್ನು ಮೊಬೈಲಿನಲ್ಲಿ ಹರಿಬಿಡುವುದಕ್ಕೆ ಅರ್ಥವೇನು? ಹಂಗಳದಂಥ ಗಡಿಸೀಮೆಯ ಜನ ದಿನನಿತ್ಯ ಮೂರು ಭಾಷೆಯವರೊಡನೆ ವ್ಯವಹರಿಸಿ ಬದುಕುತ್ತಾರೆ. ನೆರೆಯವನು ಯಾರು ಎಂಬ ಸುವಾರ್ತೆಯ ಪ್ರಶ್ನೆ ಅಲ್ಲಿ ಪ್ರತಿದಿನ ಅಂಗಡಿಯ ಮುಂದೆಯೇ ನಿಂತಿರುತ್ತದೆ.

ಗೆಲುವಿನ ಮರುದಿನ

ಈಗ ಮರೆಯಬಾರದ ವಿಷಯಕ್ಕೆ ಬರೋಣ. 2025ರ ಜೂನ್ 4, ಕಪ್ ಬಂದ ಮರುದಿನ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ಕಾಲ್ತುಳಿತದಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು, ಐವತ್ತಕ್ಕೂ ಹೆಚ್ಚು ಜನ ಗಾಯಗೊಂಡರು. ಮೃತರಲ್ಲಿ ಹದಿಹರೆಯದವರೂ ಇದ್ದರು. ಸುಮಾರು 35 ಸಾವಿರ ಜನ ಹಿಡಿಯುವ ಅಂಗಣಕ್ಕೆ 2ರಿಂದ 3 ಲಕ್ಷ ಜನ ಬಂದಿದ್ದರೆಂದು ಮುಖ್ಯಮಂತ್ರಿಗಳೇ ಅಂದು ಹೇಳಿದರು. ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕಲ್ ಕುನ್ಹಾ ಅವರ ಏಕಸದಸ್ಯ ಆಯೋಗ ಜುಲೈನಲ್ಲಿ ವರದಿ ಕೊಟ್ಟು, ದೊಡ್ಡ ಜನಸಂದಣಿಯ ಕಾರ್ಯಕ್ರಮಗಳಿಗೆ ಆ ಕ್ರೀಡಾಂಗಣ ಸುರಕ್ಷಿತವಲ್ಲ ಎಂದಿತು. ಮಹಿಳಾ ವಿಶ್ವಕಪ್ ಪಂದ್ಯಗಳು ಬೆಂಗಳೂರಿನಿಂದ ನವಿ ಮುಂಬೈಗೆ ಹೋದವು. ಮಹಾರಾಜ ಟ್ರೋಫಿ ಮೈಸೂರಿಗೆ ಹೋಗಿ ಪ್ರೇಕ್ಷಕರಿಲ್ಲದೆ ನಡೆಯಿತು.

ಹದಿನೆಂಟು ವರ್ಷ ಕಾದ ಕಪ್ಪು ಒಂದು ದಿನವೂ ಸಂತೋಷದಿಂದ ಉಳಿಯಲಿಲ್ಲ. ಆಟ ನೋಡಲು ಹೋದ ಮಗನ, ಮಗಳ ದೇಹವನ್ನು ಮನೆಗೆ ತಂದ ತಂದೆತಾಯಿಗಳಿಗೆ ಯಾವ ತಂಡದ ಯಾವ ಪಟ್ಟಿಯೂ ಸಮಾಧಾನ ಹೇಳಲಾರದು.

ಇದು ಬೆಂಗಳೂರಿನ ವಿಷಯ ಎಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ಅತ್ತೂರಿನ ಸಂತ ಲಾರೆನ್ಸರ ವಾರ್ಷಿಕ ಹಬ್ಬಕ್ಕೆ ಸೇರುವ ಜನಸಾಗರ ನಮಗೆಲ್ಲ ಗೊತ್ತು. ಮೊಂತಿ ಹಬ್ಬ, ಪರಮಪ್ರಸಾದದ ಮೆರವಣಿಗೆ, ಧ್ಯಾನಕೂಟಗಳು ಎಲ್ಲವೂ ಜನಸಂದಣಿಯ ಸಂದರ್ಭಗಳೇ. ಧರ್ಮಕೇಂದ್ರದ ಪಾಲನಾ ಮಂಡಳಿ, ಗುರಿಕಾರರು, ಸ್ವಯಂಸೇವಕರು ಕೆಲವು ಸರಳ ಪ್ರಶ್ನೆಗಳನ್ನು ಮುಂಚಿತವಾಗಿಯೇ ಕೇಳಿಕೊಳ್ಳಬೇಕು. ಒಳಗೆ ಎಷ್ಟು ಜನ ಹಿಡಿಯುತ್ತಾರೆ? ಹೊರಹೋಗುವ ದಾರಿಗಳೆಷ್ಟು, ಅವು ತೆರೆದಿವೆಯೇ, ಅಂಗಡಿ ಹಾಕಿ ಮುಚ್ಚಿದ್ದಾರೆಯೇ? ಕೊನೆಯ ಗಳಿಗೆಯಲ್ಲಿ ಕಾರ್ಯಕ್ರಮ ಬದಲಾದರೆ ಹೊರಗೆ ನಿಂತವರಿಗೆ ಯಾರು ತಿಳಿಸುತ್ತಾರೆ? ಆಂಬ್ಯುಲೆನ್ಸ್ ಒಳಬರಲು ದಾರಿ ಬಿಟ್ಟಿದೆಯೇ? ಪೊಲೀಸರಿಗೆ ಹೇಳಿದ ಸಂಖ್ಯೆ ನಿಜವಾದ ಸಂಖ್ಯೆಯೇ? ರಾಜ್ಯ ಸರ್ಕಾರ 2025ರ ಆಗಸ್ಟ್‌ನಲ್ಲಿ ಜನಸಂದಣಿ ನಿಯಂತ್ರಣ ಮಸೂದೆಯನ್ನು ವಿಧಾನಸಭೆಯಲ್ಲಿ ಮಂಡಿಸಿತು. ಕಾನೂನು ಹೇಳಲಿ ಬಿಡಲಿ, ಬಂದ ಭಕ್ತನನ್ನು ಸುರಕ್ಷಿತವಾಗಿ ಮನೆಗೆ ಕಳುಹಿಸುವುದು ನಮ್ಮ ಹೊಣೆ.

ಯುವಜನರಿಗೆ

ಎರಡು ಮಾತು ಯುವಜನರಿಗೆ. ಮೊದಲನೆಯದು ಬಾಜಿ. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಹಚ್ಚಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ತಂದಿತು. ಕಾನೂನು ಬಂದ ಮಾತ್ರಕ್ಕೆ ಚಟ ಹೋಗುವುದಿಲ್ಲ. ಮೇಲೆ ನಾವು ಮಾಡಿದ ತೂಕವನ್ನು ನಂಬಿ ಯಾರಾದರೂ ಒಂದು ರೂಪಾಯಿ ಕಟ್ಟಿದರೆ ಅದು ಈ ಲೇಖನದ ದುರುಪಯೋಗ. ಸಾಲ ಮಾಡಿ ಬಾಜಿ ಕಟ್ಟಿದ ಮಗನ ವಿಷಯ ತಂದೆತಾಯಿಗಳಿಗೆ ಗೊತ್ತಾಗುವುದು ಬಹಳ ಸಲ ಎಲ್ಲ ಮುಗಿದ ಮೇಲೆ. ಮನೆಯಲ್ಲಿ ಮಾತಾಡಿ, ಹಿರಿಯರೊಡನೆ ಮಾತಾಡಿ, ಗುರುಗಳೊಡನೆ ಮಾತಾಡಿ.

ಎರಡನೆಯದು ನಮ್ಮದೇ ಆಟೋಟಗಳು. ಧರ್ಮಕೇಂದ್ರಗಳ ನಡುವಿನ ಪಂದ್ಯಗಳಲ್ಲೂ ಕೆಲವೆಡೆ ಹಣ ಕೊಟ್ಟು ಹೊರಗಿನ ಆಟಗಾರರನ್ನು ತರುವ ಗೀಳು ಕಾಣುತ್ತದೆ. ಕಪ್ಪು ಕಪಾಟಿಗೆ ಬರುತ್ತದೆ, ಆದರೆ ವಾರ್ಡಿನ ಹುಡುಗ ಗೆರೆಯ ಹೊರಗೆ ನೀರಿನ ಬಾಟಲಿ ಹಿಡಿದು ನಿಂತಿರುತ್ತಾನೆ. ಐಪಿಎಲ್ ವ್ಯಾಪಾರ, ಅಲ್ಲಿ ಹರಾಜು ಸಹಜ. ಆದರೆ ನಮ್ಮ ಪಂದ್ಯಗಳ ಉದ್ದೇಶ ಆ ಹುಡುಗನೇ.

2025ರ ಜೂನ್ 15ರಂದು, ಅಂದರೆ ಬೆಂಗಳೂರಿನ ದುರಂತವಾದ ಹನ್ನೊಂದು ದಿನಕ್ಕೆ, ಜಗದ್ಗುರು ಹದಿನಾಲ್ಕನೆಯ ಲಿಯೋ ಅವರು ಕ್ರೀಡಾಪಟುಗಳ ಜೂಬಿಲಿಯ ಬಲಿಪೂಜೆಯಲ್ಲಿ, ಕ್ರೀಡೆ ನಮಗೆ ಸೋಲುವುದನ್ನೂ ಕಲಿಸುತ್ತದೆ ಎಂಬರ್ಥದ ಮಾತು ಹೇಳಿದರು. ಸ್ವತಃ ಟೆನಿಸ್ ಆಡುವವರು ಅವರು. ಹದಿನೇಳು ಋತು ಸೋತ ಬೆಂಗಳೂರು ಸೋಲಿನಿಂದ ಹಂಚಿಕೊಳ್ಳುವುದನ್ನು ಕಲಿತಿತು. ಐದು ಸಲ ಗೆದ್ದ ಚೆನ್ನೈ ಹತ್ತನೆಯ ಸ್ಥಾನಕ್ಕೆ ಬಿದ್ದು ಎಳೆಯರಿಗೆ ಜಾಗ ಬಿಡುವುದನ್ನು ಕಲಿತಿತು. ಕೆಂಪು ಅಂಗಿ ತೊಟ್ಟವರೂ ಹಳದಿ ಅಂಗಿ ತೊಟ್ಟವರೂ ಭಾನುವಾರ ಒಂದೇ ಪೀಠದ ಮುಂದೆ ಮಂಡಿಯೂರುವವರು ಎಂಬುದನ್ನು ನೆನಪಿಟ್ಟುಕೊಂಡು ಆಟ ನೋಡೋಣ. ಚಿನ್ನಸ್ವಾಮಿಯ ಗೇಟಿನಲ್ಲಿ ಮಡಿದ ಹನ್ನೊಂದು ಜನರ ಆತ್ಮಶಾಂತಿಗಾಗಿ, ಅವರ ಕುಟುಂಬಗಳಿಗಾಗಿ ನಮ್ಮ ಪ್ರಾರ್ಥನೆ ಇರಲಿ.